ಸಿಂಗಲ್ ಕ್ರೋಶಾ (ಕೊಕ್ಕೆಕಡ್ಡಿ ಹೆಣಿಗೆಯ ಮೂಲ ಹೊಲಿಗೆ): ಅಗಲ ಕಮ್ಮಿ ಆಗ್ತಾ ಹೋಗ್ತಿದೆ

ಪ್ರಶ್ನೆ: 21 ಚೈನ್ (ಸರಪಳಿ ಥರದ ಕುಣಿಕೆ) ಹಾಕಿ ಶುರು ಮಾಡಿದ್ದು. ಸಾಲು ಹೆಚ್ಚಾದಂತೆ ಚೌಕ ಹೋಗಿ ತ್ರಿಕೋನ ಆಗ್ತಿದೆ. ಯಾಕೆ?

ಉತ್ತರ 1: ಸಾಲಿನ ತುದಿಯ ಹೊಲಿಗೆ ಬಿಟ್ಟುಹೋಗ್ತಿದೆ. ಕಡ್ಡಿಯಿಂದ ಎರಡನೇ ಚೈನಿಗೆ ಮೊದಲ ಹೊಲಿಗೆ ಹಾಕಿದ್ರೆ ಸಾಲಿಗೆ 20 ಬರಬೇಕು, ಪ್ರತಿ ಸಾಲೂ ಎಣಿಸಿ. ಮುಗಿದಮೇಲೆ 1 ಚೈನ್ ಹಾಕಿ ತಿರುಗಿಸಿ. ಆ ಚೈನ್ ಲೆಕ್ಕಕ್ಕಿಲ್ಲ. ಅದರ ಬುಡದಲ್ಲಿರೋ ಹೊಲಿಗೆಗೇ ಕಡ್ಡಿ ತೂರಿಸಬೇಕು.

ಉತ್ತರ 2: ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರ ಸಿಕ್ಕಿಸಿ, ವಾಪಸ್ ಬರುವಾಗ ಅದೇ ಕೊನೆಯದು. ಪ್ರತಿ ಹೊಲಿಗೆಯ ಮೇಲಿನ ಎರಡೂ ಎಳೆಗಳ ಅಡಿಯಿಂದ ಕಡ್ಡಿ ಹೋಗಲಿ. ಕಪ್ಪು ದಾರದಲ್ಲಂತೂ ಕಲಿಯಬೇಡಿ, ಹೊಲಿಗೆ ಕಾಣೋದೇ ಇಲ್ಲ.

ಉತ್ತರ 3: ಎಣಿಕೆ ಸರಿಯಿದ್ದೂ ಬುಡ ಮಾತ್ರ ಮುದುಡಿದ್ರೆ ಚೈನ್ ಬಿಗಿಯಾಗಿದೆ ಅಂತ. ಚೈನಿಗಷ್ಟೇ ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿ ಬಳಸಿ, ಅಂದ್ರೆ 4ರ ಬದಲು 4.5.