‘ನೇಮಕಾಧಿಕಾರ’ ಬೇಡ, ‘ಗೊತ್ತು ಮಾಡುವ ಅಧಿಕಾರ’ ಆಗಬಹುದಾ?

ವಿಲ್ಲುಗಳಲ್ಲಿ ಬರುವ ‘ಪವರ್ ಆಫ್ ಅಪಾಯಿಂಟ್‌ಮೆಂಟ್’ ಅನ್ನುವ ಕಾನೂನಿನ ಮಾತಿಗೆ ಕನ್ನಡದಲ್ಲಿ ಏನು ಬರೆಯುತ್ತೀರಿ?

ಸಾಗರದ ಹತ್ತಿರ ನಮ್ಮ ಪಕ್ಕದ ಮನೆಯವರು ಕ್ರಿಶ್ಚಿಯನ್ನರು. ಅವರ ಅಪ್ಪ ವಿಲ್ ಬರೆಸಿದ್ದರು. ಹೆಂಡತಿ ಇರುವ ತನಕ ಅಡಿಕೆ ತೋಟ ಅವಳ ಅನುಭೋಗಕ್ಕೆ, ಆಮೇಲೆ ಮಕ್ಕಳಿಗೆ, ಯಾರಿಗೆ ಎಷ್ಟು ಅಂತ ಅವಳೇ ಹೇಳಬೇಕು. ಆ ಅಜ್ಜಿ ಏನೂ ಹೇಳದೆ, ಬರೆಯದೆ ತೀರಿಕೊಂಡರು. ವಕೀಲರ ಅಭಿಪ್ರಾಯವನ್ನು ಯಾರೋ ಕನ್ನಡ ಮಾಡಿಕೊಟ್ಟಿದ್ದರು, ಅದರಲ್ಲಿ ‘ನೇಮಕಾಧಿಕಾರವು ವಿಫಲವಾದ ಕಾರಣ’ ಅಂತಿತ್ತು. ದೊಡ್ಡ ಮಗ ಕಾಗದ ಹಿಡಿದುಕೊಂಡು ಬಂದು ಕೇಳಿದರು: “ಅಮ್ಮ ಯಾರನ್ನ ನೇಮಕ ಮಾಡ್ಬೇಕಿತ್ತು? ಅಡಿಕೆ ಕೊನೆ ತೆಗೆಯೋ ಕೊನೆಗಾರರನ್ನ ಕರೀತಿದ್ದಿದ್ದು ನಾನೇ ಅಲ್ವಾ?”

ಅವರ ತಪ್ಪಿಲ್ಲ. ನೇಮಕ ಅಂದರೆ ನಮಗೆ ಕೆಲಸಕ್ಕೆ ಸೇರಿಸುವುದು. ಇಲ್ಲಿರುವ ಅರ್ಥ ಬೇರೆ: ತನ್ನದಲ್ಲದ ಆಸ್ತಿ ಯಾರಿಗೆ ಹೋಗಬೇಕು ಅಂತ ತೀರ್ಮಾನಿಸುವ ಹಕ್ಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 92ನೇ ಕಲಂ ಇಂಥ ಸಂದರ್ಭಕ್ಕೇ ಇದೆ. ಪಾಲು ಹೇಳಬೇಕಾದವರು ಹೇಳಲಿಲ್ಲ, ಹೇಳದಿದ್ದರೆ ಏನು ಅಂತ ವಿಲ್ಲಿನಲ್ಲೂ ಇಲ್ಲ, ಆಗ ಯಾರ ನಡುವೆ ಹಂಚಬೇಕಿತ್ತೋ ಅವರೆಲ್ಲರಿಗೂ ಸಮಪಾಲು. ಕಾಯ್ದೆ ಕೊಡುವ ಉದಾಹರಣೆಯೂ ಗಂಡ, ವಿಧವೆ, ಮಕ್ಕಳದ್ದೇ.

ನನಗೆ ಹೊಳೆದದ್ದು ‘ಗೊತ್ತು ಮಾಡು’. ಮದುವೆಗೆ ದಿನ ಗೊತ್ತು ಮಾಡುತ್ತೇವೆ, ಕೊಯ್ಲಿಗೆ ಆಳು ಗೊತ್ತು ಮಾಡುತ್ತೇವೆ, ಬೆಲೆಯನ್ನೂ ಗೊತ್ತು ಮಾಡುತ್ತೇವೆ. ನಿಗದಿಪಡಿಸುವುದು, ಕೆಲಸಕ್ಕೆ ಹಚ್ಚುವುದು ಎರಡೂ ಈ ಒಂದು ಮಾತಿನಲ್ಲಿವೆ, ಇಂಗ್ಲಿಷಿನ ಅಪಾಯಿಂಟ್‌ನಲ್ಲೂ ಹಾಗೇ. ‘ಪಾಲು ಗೊತ್ತು ಮಾಡುವ ಅಧಿಕಾರ’ ಅಂದಕೂಡಲೇ ಆ ಮಗನಿಗೆ ಅರ್ಥವಾಯಿತು.

‘ವಿಫಲ’ದ್ದೇ ಕಷ್ಟ. ವಿಫಲ ಅಂದರೆ ಪ್ರಯತ್ನಪಟ್ಟು ಸೋತ ಹಾಗೆ. ಅಜ್ಜಿ ಸುಮ್ನೆ ಇದ್ದರು, ಅಷ್ಟೆ. ಹಾಗಾಗಿ ‘ಗೊತ್ತು ಮಾಡದೇ ಹೋದರೆ’ ಅಂತ ಬರೆದೆ. ಆದರೆ ಮಕ್ಕಳ ಮಧ್ಯೆ ಮಾತ್ರ ಹಂಚಬೇಕಿದ್ದಾಗ ಅವರು ಹೊರಗಿನವರ ಹೆಸರು ಬರೆದಿದ್ದರೆ ಅದೂ ನಿಲ್ಲುತ್ತಿರಲಿಲ್ಲ, ಅಲ್ಲಿ ‘ಊರ್ಜಿತವಾಗದೆ’ ಅನ್ನಬೇಕಾಗುತ್ತದೆ. ಎರಡಕ್ಕೂ ಹೊಂದುವ ಒಂದು ಮಾತು ಬೇಕು. ಕೇಸು ಬಿದ್ದುಹೋಯಿತು ಅನ್ನುತ್ತೇವಲ್ಲ, ಹಾಗೆ ‘ಅಧಿಕಾರ ಬಿದ್ದುಹೋದರೆ’ ಅನ್ನಬಹುದಾ? ತೀರ್ಥಹಳ್ಳಿ, ಹೊಸನಗರದ ಕಡೆ ಆಸ್ತಿ ಪತ್ರ ಬರೆಯುವವರು ಬೇರೇನಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ, ಇನ್ನೂ ಇಬ್ಬರು ಮಕ್ಕಳಿಗೆ ಪ್ರತಿ ಬರೆದುಕೊಡುವುದಿದೆ.