ಪ್ಯಾಸೆಂಜರ್ಸ್ (2016) ರೀ-ಎಡಿಟ್: ಅರೋರಾ ಎದ್ದೇಳೋದ್ರಿಂದ ಶುರು ಮಾಡಿದ್ರೆ ಮ್ಯೂಸಿಕ್ ಎಡವ್ತಿದೆ, ಲಿಪ್ ಸಿಂಕ್ ಹೋಗ್ತಿದೆ, ಫ್ಲ್ಯಾಶ್‌ಬ್ಯಾಕ್ ಎಲ್ಲಿಡ್ಲಿ?

ಕಟ್ಟಿಂಗ್‌ಪ್ಲೇಯರ್:
ಎಲ್ರಿಗೂ ನಮಸ್ಕಾರ. ಪ್ಯಾಸೆಂಜರ್ಸ್ ನೋಡಿರ್ತೀರ, ಕ್ರಿಸ್ ಪ್ರಾಟ್, ಜೆನಿಫರ್ ಲಾರೆನ್ಸ್ ಇರೋದು. 120 ವರ್ಷದ ಬಾಹ್ಯಾಕಾಶ ಪ್ರಯಾಣ, 5000 ಜನ ಪಾಡ್ ಅನ್ನೋ ಮುಚ್ಚಿದ ಪೆಟ್ಟಿಗೆ ಒಳಗೆ ನಿದ್ದೆ, ಹಡಗಿಗೆ ದೊಡ್ಡ ಕಲ್ಲು ಬಡಿದು ಜಿಮ್ ಅನ್ನೋ ಮೆಕ್ಯಾನಿಕ್ 90 ವರ್ಷ ಮುಂಚೆನೇ ಎದ್ಬಿಡ್ತಾನೆ, ಒಂದು ವರ್ಷ ಒಬ್ನೇ ಅಲೆದು ತಲೆ ಕೆಟ್ಟು ಕೊನೆಗೆ ಅರೋರಾ ಅನ್ನೋ ರೈಟರ್‌ನ ಬೇಕಂತಲೇ ಎಬ್ಬಿಸಿ, ಅವಳ ಪಾಡೂ ತಾನಾಗೇ ಕೆಟ್ಟೋಯ್ತು ಅಂತ ನಂಬಿಸ್ತಾನೆ. ಐಡಿಯಾ ಸಕ್ಕತ್ತಾಗಿದೆ, ಆದ್ರೆ ಸಿನಿಮಾ ಇದನ್ನೆಲ್ಲ ಮೊದಲ ಅರ್ಧ ಗಂಟೇಲೇ ತೋರ್ಸಿ, ಅಯ್ಯೋ ಪಾಪ ಅನ್ನಿಸಿ, ಆಮೇಲೆ ಲವ್ ಸ್ಟೋರಿ ನೋಡಿ ಅಂತ ಕೂರ್ಸುತ್ತೆ. ನಂಗೆ ಅವಳ ಜೊತೆ ಕೂತು ನೋಡೋಕೇ ಆಗಲ್ಲ, ಯಾಕಂದ್ರೆ ಅವಳಿಗೆ ಗೊತ್ತಿಲ್ದೇ ಇರೋದು ನಂಗೆ ಆಗ್ಲೇ ಗೊತ್ತು.

2017ರಲ್ಲಿ ಯೂಟ್ಯೂಬಿನ ನರ್ಡ್‌ರೈಟರ್ ಚಾನೆಲಲ್ಲಿ ಒಂದು ವಿಡಿಯೋ ಬಂದಿತ್ತು, ಅರೋರಾ ಕಣ್ಣು ಬಿಡೋದ್ರಿಂದಲೇ ಸಿನಿಮಾ ಶುರು ಮಾಡಿದ್ರೆ ಇದು ಥ್ರಿಲ್ಲರ್ ಆಗುತ್ತೆ ಅಂತ. ಅದನ್ನ ನಿಜವಾಗ್ಲೂ ಪೂರ್ತಿ ಸಿನಿಮಾಗೆ ಮಾಡ್ತಿದೀನಿ. ಸ್ವಂತ ಬ್ಲೂ-ರೇ ಡಿಸ್ಕು, ಎಫ್‌ಎಫ್‌ಎಂಪೆಗ್ ಅನ್ನೋ ಕನ್ವರ್ಟರಲ್ಲಿ ವಿಡಿಯೋನ ಎಡಿಟಿಂಗ್‌ಗೆ ಸುಲಭ ಆಗೋ ಡಿಎನ್‌ಎಕ್ಸ್‌ಎಚ್‌ಆರ್ ಫಾರ್ಮ್ಯಾಟ್‌ಗೆ ತಿರುಗ್ಸಿ, ಆಡಿಯೋ ಬೇರೆ ತೆಗೆದು, ಎಡಿಟಿಂಗ್ ಡಾವಿಂಚಿ ರಿಸಾಲ್ವ್ ಫ್ರೀ ವರ್ಷನಲ್ಲಿ, ವಿಂಡೋಸ್.

ಈಗ ತೊಂದ್ರೆ ಏನಂದ್ರೆ, ಸೀನ್ ಜೋಡ್ಸಿದ ಕಡೆಯಲ್ಲೆಲ್ಲ ಹಿಂದಿನ ಸೀನಿನ ಮ್ಯೂಸಿಕ್ ಬಾಲ ಉಳ್ಕೊಂಡು ಪಟ್ ಅಂತ ಕತ್ತರಿಸಿದಂಗೆ ಕೇಳುತ್ತೆ. ಇನ್ನೊಂದು, ತುಟಿಗೂ ಮಾತಿಗೂ ಶುರುವಲ್ಲಿ ಸರಿ ಇದೆ, 40ನೇ ನಿಮಿಷಕ್ಕೆ ಎರಡು ಎರಡೂವರೆ ಸೆಕೆಂಡ್ ಮಾತು ಹಿಂದೆ ಬೀಳುತ್ತೆ, ಕೊನೆಗೆ ಇನ್ನೂ ಜಾಸ್ತಿ. ಮತ್ತೆ ಕಥೆ ವಿಷ್ಯ: ಜಿಮ್ಮಿನ ಆ ಒಂಟಿ ವರ್ಷನ ಎಲ್ಲಿ ತೂರಿಸ್ಲಿ ಅಂತ ಗೊತ್ತಾಗ್ತಿಲ್ಲ. ಬಲ್ಲವರು ಹೇಳಿ ಪ್ಲೀಸ್.

ಹುಬ್ಳಿ_ಫ್ರೇಮ್ಸ್:
ಮೊದ್ಲ ಸಿಂಕ್ ಮುಗಸೂಣು. ನಿಮ್ಮ ಎಫ್‌ಎಫ್‌ಎಂಪೆಗ್ ಕಮಾಂಡಿನ್ಯಾಗ ಇನ್‌ಪುಟ್ ಫೈಲ್ ಹೆಸರಿಗಿಂತ ಮುಂಚೆ ಮೈನಸ್ ಆರ್ 24 ಅಂತ ಏನರ ಅದ ಏನ್ರಿ? ಕೊನೀಗೆ ಎಷ್ಟ್ ಸೆಕೆಂಡ್ ಫರಕ್ ಬರ್ತದ, ಏಳರ ಹತ್ರ ಏನು?

ಕಟ್ಟಿಂಗ್‌ಪ್ಲೇಯರ್:
ಹೌದು! ಏಳೇ. ಆ ಕಮಾಂಡ್ ಒಂದು ಹಳೇ ಗೈಡಲ್ಲಿ ಇದ್ದಿದ್ದು, ಅದ್ರಲ್ಲಿ 24 ಅಂತಾನೇ ಇತ್ತು. ನಿಮ್ಗೆ ಹೆಂಗ್ ಗೊತ್ತಾಯ್ತು ಸಾರ್?

ಹುಬ್ಳಿ_ಫ್ರೇಮ್ಸ್:
ಲೆಕ್ಕ ಅದ ನೋಡ್ರಿ. ಡಿಸ್ಕಿನ್ಯಾಗ ಸಿನಿಮಾ ಇರೂದು ಸೆಕೆಂಡಿಗೆ 23.976 ಫ್ರೇಮ್, 24 ಅಲ್ಲ. ಅಲ್ಲೆ 24 ಅಂತ ಬಲವಂತ ಮಾಡಿದ್ರ ಫ್ರೇಮ್ ಎಲ್ಲಾ ಅಷ್ಟ ಇರ್ತಾವ, ಆದ್ರ ಓಡೂದು ಸಾವಿರಕ್ಕ ಒಂದು ಪಾಲು ಜೋರಾಗ್ತದ. ತಾಸಿಗೆ 3.6 ಸೆಕೆಂಡ್. ಈ ಸಿನಿಮಾ 116 ನಿಮಿಷ, ಅಂದ್ರ ಕೊನೀಗೆ ಏಳು ಸೆಕೆಂಡ್ ಬರಾಕಬೇಕು. ಆಡಿಯೋ ಪಾಪ ತನ್ನ ಸ್ಪೀಡಿನ್ಯಾಗ ಸರಿಯಾಗೇ ಹೊಂಟದ.

ಮುಂದ ಯಾರಿಗರ ಇಂಥಾದ್ದ ಬಂದ್ರ ಹಿಂಗ ನೋಡ್ರಿ, ಫರಕ್ ಶುರುವಿಂದ ಕೊನೀತನಕ ಒಂದ ಸಮ ಇದ್ರ ಅದು ಬರೇ ಡಿಲೇ, ಆಡಿಯೋ ಸರಿಸಿದ್ರ ಮುಗೀತು. ಮೆಲ್ಲಕ ಬೆಳಕೋತ ಹೋದ್ರ ಫ್ರೇಮ್ ರೇಟ್. ಒಮ್ಮೆ ಮುಂದ ಒಮ್ಮೆ ಹಿಂದ ಜಿಗದಾಡಿದ್ರ ಮೂಲ ಫೈಲಿನ್ಯಾಗ ಫ್ರೇಮ್ ರೇಟ್ ಏರಿಳಿತ ಅದ ಅಂತ, ಫೋನಿನ ರೆಕಾರ್ಡಿಂಗಿನ್ಯಾಗ ಬರ್ತದ, ಡಿಸ್ಕಿನ್ಯಾಗ ಬರಂಗಿಲ್ಲ.

ಮತ್ತ ಎನ್ಕೋಡ್ ಮಾಡೂದು ಬ್ಯಾಡ್ರಿ, ನೂರು ಜಿಬಿ ಹತ್ರ ಫೈಲ್ ಇರ್ತದ ಅದು. ರಿಸಾಲ್ವಿನ್ಯಾಗ ಕ್ಲಿಪ್ ಮ್ಯಾಲೆ ರೈಟ್ ಕ್ಲಿಕ್, ಕ್ಲಿಪ್ ಆಟ್ರಿಬ್ಯೂಟ್ಸ್, ಅಲ್ಲೆ 23.976 ಮಾಡ್ರಿ ಸಾಕು. ಆದ್ರ ಪ್ರಾಜೆಕ್ಟಿನ ಟೈಮ್‌ಲೈನ್ ಸುದ್ದಾ 24 ಇಟ್ಟಿರತೀರಿ, ಕ್ಲಿಪ್ ಹಾಕಿದ ಮ್ಯಾಲೆ ಅದು ಬದಲಾಗಂಗಿಲ್ಲ, ಹಂಗಾಗಿ ಹೊಸಾ ಪ್ರಾಜೆಕ್ಟ್ ತಗದು ಏನೂ ಇಂಪೋರ್ಟ್ ಮಾಡೂದಕ್ಕಿಂತ ಮೊದ್ಲ 23.976 ಸೆಟ್ ಮಾಡ್ರಿ. ಇನ್ನೂ ಭಾಳ ಕಟ್ ಹಾಕಿಲ್ಲ ಅಲ್ಲ, ಈಗಲೇ ಮಾಡಿಬಿಡ್ರಿ.

ಸೌಂಡ್‌ಸೋಮ:
ಆಡಿಯೋ ಒಂದೇ ವೇವ್ ಫೈಲಾಗಿ ತೆಗ್ದಿದ್ರೆ ಅದನ್ನೂ ಚೆಕ್ ಮಾಡಿ. 5.1 ಅಂದ್ರೆ ಆರು ಚಾನೆಲ್, 24 ಬಿಟ್ 48 ಕಿಲೋಹರ್ಟ್ಸ್‌ಗೆ ಈ ಉದ್ದದ ಸಿನಿಮಾ 6 ಜಿಬಿ ಆಗುತ್ತೆ, ಮಾಮೂಲಿ ವೇವ್ ಫೈಲ್ 4 ಜಿಬಿ ದಾಟಂಗಿಲ್ಲ, ದಾಟಿದ್ರೆ ಕೆಲವು ಸಾಫ್ಟ್‌ವೇರು ಕೊನೆ ಭಾಗನೇ ತೋರ್ಸಲ್ಲ. ಆರು ಮೋನೋ ಫೈಲ್ ಮಾಡ್ಕೊಳ್ಳಿ, ಒಂದೊಂದೂ 1 ಜಿಬಿ ಅಷ್ಟೆ. ಮ್ಯೂಸಿಕ್ ಸಮಸ್ಯೆಗೂ ಅದೇ ಬೇಕು, ಹೇಳ್ತೀನಿ.

ಹಿಂಗೆ ಅಭಿಮಾನಿಗಳು ಮಾಡೋ ಫ್ಯಾನ್ ಎಡಿಟಲ್ಲಿ ಚಿತ್ರ ಕತ್ತರಿಸೋದು ಯಾರ್ ಬೇಕಾದ್ರೂ ಮಾಡ್ತಾರೆ ಗುರು, ಸೌಂಡಲ್ಲೇ ಎಲ್ರೂ ಸಿಕ್ಕಾಕೊಳ್ಳೋದು. ಸ್ಟುಡಿಯೋದವ್ರ ಹತ್ರ ಮಾತು, ಮ್ಯೂಸಿಕ್, ಎಫೆಕ್ಟ್ ಬೇರೆಬೇರೆ ಇರುತ್ತೆ, ನಮ್ಮ ಹತ್ರ ಎಲ್ಲ ಬೇಯಿಸಿ ಮುಗಿಸಿರೋ ಮಿಕ್ಸು. ಆದ್ರೂ 5.1ರಲ್ಲಿ ಮಾತು ಹೆಚ್ಚುಕಮ್ಮಿ ಪೂರ್ತಿ ಸೆಂಟರ್ ಚಾನೆಲಲ್ಲಿ ಇರುತ್ತೆ, ಮ್ಯೂಸಿಕ್ ಲೆಫ್ಟು ರೈಟು ಮತ್ತೆ ಸರೌಂಡಲ್ಲಿ. ಹಂಗಾಗಿ ಜೋಡಣೆ ಇರೋ ಕಡೆ ಸೆಂಟರ್ ಮುಟ್ಟಬೇಡಿ, ಉಳಿದ ಚಾನೆಲ್‌ಗಳ ವಾಲ್ಯೂಮ್ ಮಾತ್ರ ಇಳಿಸಿ.

ಇಳಿಸಿದ ತಕ್ಷಣ ಜಾಗ ಸತ್ತಂಗೆ ಆಗುತ್ತೆ, ಹಡಗಿನ ಸದ್ದೂ ಹೋಗಿರುತ್ತೆ ಅಲ್ವಾ. ಅದಕ್ಕೇ ಸಿನಿಮಾದಲ್ಲಿ ಮ್ಯೂಸಿಕ್ಕೂ ಇಲ್ದೇ ಮಾತೂ ಇಲ್ದೇ ಬರೀ ಹಡಗು ಗುಂಯ್ ಅನ್ನೋ ಜಾಗ ಹುಡುಕಿ, ಹತ್ತು ಹದಿನೈದು ಸೆಕೆಂಡ್ ಸಿಕ್ರೂ ಸಾಕು, ಅದನ್ನ ಕ್ರಾಸ್‌ಫೇಡ್ ಮಾಡಿ ಲೂಪ್ ಮಾಡಿ, ಪ್ರತಿ ಜೋಡಣೆ ಕೆಳಗೂ ಹಾಸಿ. ಬಾಹ್ಯಾಕಾಶದ ಸಿನಿಮಾದಲ್ಲಿ ಇದೊಂದು ಅದೃಷ್ಟ, ಎಲ್ಲಾ ಸೀನಿಗೂ ಒಂದೇ ಗುಂಯ್. ಬೆಂಗಳೂರಿನ ರೋಡಲ್ಲಿ ತೆಗ್ದ ಸಿನಿಮಾ ಆಗಿದ್ರೆ ಸತ್ತೇ ಹೋಗ್ತಿದ್ರಿ.

ಕಟ್ಟು ಚಿತ್ರದಲ್ಲೂ ಸೌಂಡಲ್ಲೂ ಒಂದೇ ಫ್ರೇಮಲ್ಲಿ ಬೀಳಬಾರ್ದು. ಮುಂದಿನ ಸೀನಿನ ಸದ್ದು ಅರ್ಧ ಸೆಕೆಂಡ್ ಮುಂಚೆ ನುಗ್ಗಲಿ, ಇಲ್ಲ ಹಿಂದಿನದ್ದು ಸ್ವಲ್ಪ ಎಳೀಲಿ. ಎಲ್ಲೂ ಆಗ್ಲಿಲ್ಲ ಅಂದ್ರೆ ಈ ಸಿನಿಮಾಗೆ ಮ್ಯೂಸಿಕ್ ಮಾಡಿದ ಥಾಮಸ್ ನ್ಯೂಮನ್‌ದು ಸೌಂಡ್‌ಟ್ರ್ಯಾಕ್ ಆಲ್ಬಮ್ ಸಿಗುತ್ತೆ, ಅದ್ರಿಂದ ಒಂದು ಪೀಸ್ ತಗೊಂಡು ಮೇಲೆ ಹಾಕ್ಬಹುದು.

ಕಟ್ಟಿಂಗ್‌ಪ್ಲೇಯರ್:
ಎಐ ಟೂಲಲ್ಲಿ ಮಾತು ಬೇರೆ ಮ್ಯೂಸಿಕ್ ಬೇರೆ ಮಾಡ್ಬಹುದಲ್ವಾ? ಡಿಮಕ್ಸ್ ಅಂತ ಏನೋ ನೋಡಿದ್ದೆ.

ಸೌಂಡ್‌ಸೋಮ:
ಮಾಡ್ಬಹುದು, ಅಲ್ಟಿಮೇಟ್ ವೋಕಲ್ ರಿಮೂವರ್ ಫ್ರೀ ಇದೆ, ಅದ್ರೊಳಗೇ ಡಿಮಕ್ಸ್ ಸಿಗುತ್ತೆ. ಆದ್ರೆ ಅವು ಹಾಡಿಗೆ ಅಂತ ತಯಾರಾದವು, ಸಿನಿಮಾ ಮಾತಿಗೆ ಬಿಟ್ರೆ ಕೆಲವೊಂದು ಸಲ ಬಾವಿ ಒಳಗಿಂದ ಮಾತಾಡಿದಂಗೆ ಬರುತ್ತೆ, ಕಾಲಿನ ಸಪ್ಪಳ, ಬಾಗ್ಲು ಸದ್ದು ಎಲ್ಲ ಮ್ಯೂಸಿಕ್ ಕಡೆ ಹೋಗ್ಬಿಡುತ್ತೆ. ಸ್ಟೀರಿಯೋ ಮಿಕ್ಸ್‌ಗೆ ಬಿಡೋ ಬದ್ಲು ಸೆಂಟರ್ ಚಾನೆಲ್ ಒಂದಕ್ಕೇ ಬಿಡಿ, ಅದೂ ಎರಡು ಮೂರು ಸೆಕೆಂಡಿನ ತೇಪೆಗೆ ಮಾತ್ರ.

ಅರ್ಧಟಿಕೆಟ್:
ಟೆಕ್ನಿಕಲ್ ನಂಗೆ ಬರಲ್ಲ, ಕಥೆ ಬಗ್ಗೆ ಹೇಳ್ತೀನಿ. ನೀವು ಅರೋರಾ ಕಣ್ಣು ಬಿಡೋದೇ ಫಸ್ಟ್ ಶಾಟ್ ಅಂದ್ಕೊಂಡಿದ್ದೀರ, ಬೇಡ. ಕಲ್ಲು ಬಡಿಯೋದನ್ನ ಇಟ್ಕೊಳ್ಳಿ! ಹಡಗು ಬರುತ್ತೆ, ಡಿಕ್ಕಿ ಆಗುತ್ತೆ, ಲೈಟು ಮಿಣುಕುತ್ತೆ, ಜಿಮ್ಮಿನ ಪಾಡ್ ಶಾಟ್‌ಗಳನ್ನ ಮಾತ್ರ ಕಿತ್ತಾಕಿ ಸೀದಾ ಅರೋರಾಗೆ ಹೋಗಿ. ನೋಡೋರು ತಾವೇ ತೀರ್ಮಾನ ಮಾಡ್ತಾರೆ, ಓ ಆ ಡಿಕ್ಕಿಯಿಂದಲೇ ಇವಳ ಪಾಡ್ ಕೆಟ್ಟಿದ್ದು ಅಂತ. ಜಿಮ್ ಹೇಳೋ ಸುಳ್ಳನ್ನ ಅವಳು ನಂಬೋ ಮುಂಚೆ ನಾವೇ ನಂಬಿರ್ತೀವಿ. ಒರಿಜಿನಲ್ಲಲ್ಲಿ ಆ ಡಿಕ್ಕಿ ಬರೀ ಕಾರಣ ಆಗಿತ್ತು, ಇಲ್ಲಿ ಅದೇ ಮೋಸಕ್ಕೆ ಸಾಕ್ಷಿ ಹೇಳುತ್ತೆ.

ಸೌಂಡ್‌ಸೋಮ:
ಸೂಪರ್. ಡಿಕ್ಕಿ ಸದ್ದಿನ ಅಡೀಲಿ ಮ್ಯೂಸಿಕ್ ಬಾಲನೂ ಮುಚ್ಚೋಗುತ್ತೆ, ಮೊದಲನೇ ಜೋಡಣೆ ಪುಕ್ಕಟೆ.

ಅರ್ಧಟಿಕೆಟ್:
ಇನ್ನು ಫ್ಲ್ಯಾಶ್‌ಬ್ಯಾಕ್. ಹಡಗಿನ ಬಾರ್‌ನಲ್ಲಿ ಆ ಮನುಷ್ಯನ ಥರ ಇರೋ ರೋಬೋಟ್ ಆರ್ಥರ್ ಅರೋರಾ ಮುಂದೆ ಗುಟ್ಟು ಬಾಯಿಬಿಡ್ತಾನಲ್ಲ, ಎಲ್ರಿಗೂ ಅಲ್ಲೇ ಕಟ್ ಮಾಡಿ ಹಿಂದಕ್ಕೆ ಹೋಗೋಣ ಅನ್ಸುತ್ತೆ. ಹೋಗ್ಬೇಡಿ. ಇಷ್ಟೊತ್ತು ಅವಳ ಕಣ್ಣಿಂದ ನೋಡ್ಕೊಂಡು ಬಂದು, ಅವಳ ಎದೆ ಒಡೆಯೋ ಹೊತ್ತಲ್ಲೇ ಅವನ ಕಷ್ಟ ತೋರ್ಸೋಕೆ ಹೋದ್ರೆ ಮತ್ತೆ ಹಳೇ ಸಿನಿಮಾನೇ ಆಯ್ತು, ಅವಳ ಪರವಾಗಿ ಮಾತಾಡೋರೇ ಇರಲ್ಲ. ಅವಳ ಮುಖದ ಮೇಲೇ ಇರಿ, ಅವಳು ಅವನಿಗೆ ಹೊಡೆಯೋದೂ ಆಗ್ಲಿ. ಆಮೇಲೆ ಜಿಮ್ ಹಡಗಿನ ಸ್ಪೀಕರಲ್ಲಿ ಅವಳಿಗೆ ಸಮಜಾಯಿಷಿ ಕೊಡೋ ಸೀನ್ ಬರುತ್ತೆ, ಅಲ್ಲಿಡಿ. ಅವನ ದನಿ ಸ್ಪೀಕರಲ್ಲಿ, ಚಿತ್ರ ಒಂಟಿ ವರ್ಷದ್ದು. ಆಗ ಅದು ನಿರ್ದೇಶಕ ಕೊಡೋ ಕ್ಷಮೆ ಆಗಲ್ಲ, ಅವನೇ ಕೊಡೋ ವಾದ ಆಗುತ್ತೆ, ನಂಬೋದು ಬಿಡೋದು ನಮಗೆ ಬಿಟ್ಟಿದ್ದು.

ಹುಬ್ಳಿ_ಫ್ರೇಮ್ಸ್:
ಅರ್ಧಾ ತಾಸು ಪೂರಾ ಅಲ್ಲೆ ತುರುಕಬ್ಯಾಡ್ರಿ ಮತ್ತ, ಸಿನಿಮಾ ಕುಂತಬಿಡ್ತದ. ಏರ್‌ಲಾಕಿನ್ಯಾಗ ಸೂಟ್ ಇಲ್ಲದ ಸಾಯಾಕ ಹೋಗಿ ವಾಪಸ್ ಬರೂದು, ಅವಳ ಪಾಡ್ ಮುಂದ ಕುಂದ್ರೂದು, ಎಬ್ಬಿಸಲೋ ಬ್ಯಾಡೋ ಅಂತ ಒದ್ದಾಡೂದು, ಇವು ಬೇಕ ಬೇಕು. ಆಟ ಆಡೂದು, ಮಜಾ ಮಾಡೂದು ಎಲ್ಲಾ ತಗೀರಿ, ನನಗ ಖರೇನ ಅದ ಭಾಗ ಸೇರತಿತ್ತು, ಆದ್ರೂ ತಗೀರಿ. ಮತ್ತ ಫ್ಲ್ಯಾಶ್‌ಬ್ಯಾಕ್ ಅಂತ ಹಳದಿ ಬಣ್ಣ ಬಳ್ಯಾಕ ಹೋಗಬ್ಯಾಡ್ರಿ ಪುಣ್ಯಾತ್ಮರ. ಒಂಟಿ ವರ್ಷದಾಗ ಜಿಮ್ ಬಿಟ್ಟ ಆ ಉದ್ದನ ಗಡ್ಡ ಒಂದ ಸಾಕು ಯಾವ ಕಾಲ ಅಂತ ಹೇಳಾಕ.

ಕಟ್ಟಿಂಗ್‌ಪ್ಲೇಯರ್:
ಗಡ್ಡದ ಪಾಯಿಂಟ್ ಬೆಂಕಿ. ಮೊದಲರ್ಧದಲ್ಲಿ ಜಿಮ್ ಅಳುಕ್ತಾ ನೋಡೋ ಶಾಟ್‌ಗಳು ಜಾಸ್ತಿ ಇವೆ, ಗುಟ್ಟು ಬಿಟ್ಕೊಡುತ್ತೆ ಅಂತ ಎತ್ಲಾ?

ಅರ್ಧಟಿಕೆಟ್:
ಎತ್ತಬೇಡಿ, ಅದೇ ಚಿನ್ನ. ಒರಿಜಿನಲ್ಲಲ್ಲಿ ಅದು ಪಶ್ಚಾತ್ತಾಪ, ನಿಮ್ಮ ಕಟ್ಟಲ್ಲಿ ಅದೇ ಶಾಟ್ ಅನುಮಾನ ಆಗುತ್ತೆ. ಒಂದು ಫ್ರೇಮೂ ಬದಲಾಯಿಸ್ದೇ ನಟನೆ ಅರ್ಥನೇ ಬದಲಾಗೋದು ಅಂದ್ರೆ ಇದು. ಬಾಯಿಬಿಟ್ಟು ಗುಟ್ಟು ಹೇಳೋ ಸಾಲುಗಳು ಮಾತ್ರ ಹೋಗ್ಲಿ.

ಕೊನೆ ಏನ್ ಮಾಡ್ತಿದ್ದೀರ? ಆ ವಿಡಿಯೋದಲ್ಲಿ ಜಿಮ್ ಸತ್ತು ಅರೋರಾ ಒಬ್ಳೇ ಉಳಿದು ಇನ್ನೊಬ್ರನ್ನ ಎಬ್ಬಿಸ್ಲಾ ಅನ್ನೋ ಸ್ಥಿತಿಗೆ ಬರ್ತಾಳೆ ಅಂತ ಇತ್ತಲ್ಲ.

ಕಟ್ಟಿಂಗ್‌ಪ್ಲೇಯರ್:
ಅದೇ ಆಸೆ. ಆದ್ರೆ ಅವಳು ಪಾಡ್ ಮುಂದೆ ನಿಂತಿರೋ ಶಾಟ್ ಬೇಕಲ್ಲ, ಮೊದಲಲ್ಲಿ ಎದ್ದಾಗ ಒಬ್ಳೇ ಅಲೆಯೋ ಶಾಟ್ ತಂದ್ರೆ ಬಟ್ಟೆನೇ ಬೇರೆ.

ಹುಬ್ಳಿ_ಫ್ರೇಮ್ಸ್:
ಹಂಗಾದ್ರ ಬಿಡ್ರಿ. ಇದ್ದದ್ದನ್ನ ತಗೀಬಹುದು, ಜಾಗಾ ಬದಲಿ ಮಾಡಬಹುದು, ಇಲ್ಲದ್ದನ್ನ ಎಲ್ಲಿಂದ ತರೂದು. 2001ರ ಹೊತ್ತಿಗೆ ದಿ ಫ್ಯಾಂಟಮ್ ಎಡಿಟ್ ಅಂತ ಹರದಾಡ್ತು ನೋಡ್ರಿ, ಸ್ಟಾರ್ ವಾರ್ಸ್ ಎಪಿಸೋಡ್ 1 ಕತ್ತರಿಸಿದ್ದು, ಅದರಾಗ ಜಾರ್ ಜಾರ್ ಅನ್ನೂ ಕಾಮಿಡಿ ಪಾತ್ರದ ಕಾಟ ಕಡಿಮಿ ಮಾಡಿದ್ರು, ಆದ್ರ ಅವನ್ನ ಪೂರಾ ಅಳಸಾಕ ಆಗಲಿಲ್ಲ, ಕಥಿ ಅವನ ಮ್ಯಾಲೆ ನಿಂತಿತ್ತು. ನಿಮಗೂ ಅಷ್ಟ. ಜಿಮ್ ರಿಪೇರಿಗೆ ಹೊರಗ ಹೋಗೂದು, ಉಳಿಯೂದು ಹಂಗ ಇರಲಿ. ಆಮ್ಯಾಲೆ ಆಟೋಡಾಕ್ ಅನ್ನೂ ಚಿಕಿತ್ಸಾ ಯಂತ್ರದ ಒಳಗ ಒಬ್ಬರು ಮತ್ತ ಮಲಗಬಹುದು ಅಂತ ಅವನ ಅವಳಿಗೆ ಹೇಳ್ತಾನಲ್ಲ, ಅಲ್ಲೆ ಅವಳ ಉತ್ತರಕ್ಕಿಂತ ಮುಂಚೆ ಕಪ್ಪು ಮಾಡ್ರಿ. 88 ವರ್ಷದ ನಂತರ ಹಡಗಿನ್ಯಾಗ ಬೆಳದು ನಿಂತ ಆ ಗಿಡಾ ಮರಾ ತೋರ್ಸೂ ಕೊನೀ ಸೀನ್ ಎಲ್ಲಾ ಬ್ಯಾಡ.

ಅರ್ಧಟಿಕೆಟ್:
ನಂಗೆ ಒಪ್ಪಿಗೆ ಇಲ್ಲ, ಗಿಡ ಮರ ತೆಗೆದ್ರೆ ಅವಳು ಏನ್ ಆರಿಸ್ಕೊಂಡ್ಳು ಅಂತಾನೇ ಗೊತ್ತಾಗಲ್ಲ. ಗೊತ್ತಾಗ್ದೇ ಇರೋದು ಮಜಾ ಅನ್ನೋರು ಇರ್ತಾರೆ, ನಾನು ಆ ಪಾರ್ಟಿ ಅಲ್ಲ. ಎರಡೂ ಕಟ್ ಮಾಡಿ, ಸಿನಿಮಾ ಒಂದ್ಸಲವೂ ನೋಡದೇ ಇರೋರನ್ನ ಕೂರ್ಸಿ ತೋರ್ಸಿ. ನಾವೆಲ್ಲ ಒರಿಜಿನಲ್ ನೋಡಿ ಹಾಳಾಗಿದೀವಿ, ನಮ್ಮ ತಲೆ ತಾನೇ ಸಂದು ತುಂಬ್ಕೊಳ್ಳುತ್ತೆ.

ಮಾಡರೇಟರ್:
ಚರ್ಚೆ ಚೆನ್ನಾಗಿದೆ, ಒಂದು ನೆನಪು. ಸ್ವಂತ ಡಿಸ್ಕಿಂದ ನಿಮ್ಮ ಮನೇಲಿ ನೋಡೋಕೆ ಮಾಡ್ಕೊಳ್ಳಿ, ಇಲ್ಲಿ ಲಿಂಕ್ ಹಾಕಂಗಿಲ್ಲ, ಡ್ರೈವ್ ಲಿಂಕೂ ಸೇರಿ. ದುಡ್ಡಿಗೆ ಕೊಡೋ ಮಾತು ಬಂದ್ರೆ ಥ್ರೆಡ್ ಲಾಕ್.

ಕಟ್ಟಿಂಗ್‌ಪ್ಲೇಯರ್:
ಖಂಡಿತ ಸಾರ್. ಅಪ್‌ಡೇಟ್: 23.976 ಮಾಡಿದ್ಮೇಲೆ ಸಿಂಕ್ ಕೊನೇವರೆಗೂ ಕೂದಲೆಳೆಯಷ್ಟೂ ಅಲ್ಲಾಡ್ತಿಲ್ಲ. ಗುಂಯ್ ಸದ್ದು ಹಾಸಿದೀನಿ, ಎಲ್ಲಿ ಕಟ್ ಮಾಡಿದೀನಿ ಅಂತ ನಂಗೇ ಹುಡುಕ್ಬೇಕು ಈಗ, ಒಂದು ಕಡೆ ಬಿಟ್ಟು. ಸ್ಪೀಕರ್ ಸೀನಲ್ಲಿ ಜಿಮ್ ದನಿ ಚಿತ್ರಕ್ಕಿಂತ ಬೇಗ ಮುಗ್ದೋಗುತ್ತೆ, ಉಳಿದಿದ್ದಕ್ಕೆ ಆಲ್ಬಮ್ಮಿಂದ ಒಂದು ಪಿಯಾನೋ ಪೀಸ್ ಹಾಕಿ ನೋಡ್ತಿದೀನಿ. ಈಗ ಹೊಸ ತಲೆನೋವು, ಡಿಸ್ಕಿಂದ ತೆಗ್ದ ಸಬ್‌ಟೈಟಲ್ ಎಲ್ಲಾ ಎಕ್ಕುಟ್ಟೋಗಿದೆ. ಅಮ್ಮಂಗೆ ತೋರ್ಸೋಕೆ ಸಬ್‌ಟೈಟಲ್ ಬೇಕೇ ಬೇಕು.

ಹುಬ್ಳಿ_ಫ್ರೇಮ್ಸ್:
ಒಂದೊಂದ ಸಾಲು ಸರಿಸಾಕ ಕುಂದರಬ್ಯಾಡ್ರಿ. ಸಬ್‌ಟೈಟಲ್ ಎಡಿಟ್ ಅಂತ ಫ್ರೀ ಸಾಫ್ಟ್‌ವೇರ್ ಅದ. ನೀವು ಜಾಗಾ ಬದಲಿ ಮಾಡಿದ ತುಂಡುಗಳು ಎಷ್ಟ್ ಇದ್ದಾವು, ಅಷ್ಟ ತುಂಡು ಸಬ್‌ಟೈಟಲ್ ಫೈಲನ್ನೂ ಮಾಡ್ರಿ, ಒಂದೊಂದು ತುಂಡಿಗೆ ಹಳೇ ಶುರು ಟೈಮಿಗೂ ಹೊಸಾ ಶುರು ಟೈಮಿಗೂ ಇರೂ ಫರಕ್ ಎಷ್ಟ್ ಅದನೋ ಅಷ್ಟ ಎಲ್ಲಾ ಸಾಲು ಒಮ್ಮೆಲೆ ಸರಸ್ರಿ, ಆಮ್ಯಾಲೆ ಕೂಡಿಸಿ ಟೈಮ್ ಪ್ರಕಾರ ಸಾರ್ಟ್ ಹೊಡೀರಿ. ನಡುವ ಕತ್ತರಿಸಿ ಒಗದ ಮಾತಿನ ಸಾಲು ಮಾತ್ರ ಕೈಲೆ ಅಳಸ್ರಿ, ಇಲ್ಲಾಂದ್ರ ಗುಟ್ಟು ಸಬ್‌ಟೈಟಲಿನ್ಯಾಗ ಹೊರಗ ಬೀಳ್ತದ.