ಅಮ್ಮನ ಅರವತ್ತಕ್ಕೆ ಮಾಯಾ ಅಗ್ನಿಪೂಜೆ: ಕುಳಿತು ಬಂದವರು ಹೇಳಿ

ನಾವು ಡಲ್ಲಾಸ್‌ನಲ್ಲಿದ್ದೇವೆ. ಅಮ್ಮ ಹಾಸನದಿಂದ ಬಂದು ನಮ್ಮ ಜೊತೆಗಿದ್ದಾರೆ. 2026ರ ಫೆಬ್ರುವರಿ 12ಕ್ಕೆ ಅವರಿಗೆ ಅರವತ್ತು ತುಂಬುತ್ತದೆ. ಆ ವಾರ ಎಲ್ಲರೂ ಗ್ವಾಟೆಮಾಲಾಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿನ ಮೂಲನಿವಾಸಿ ಮಾಯಾ ಜನರ ಕಿಚೆ ಪಂಗಡದ ಸಹೋದ್ಯೋಗಿಯೊಬ್ಬರು, ಹುಟ್ಟುಹಬ್ಬಕ್ಕೆ ತಮ್ಮ ಊರಿನ ಹಿರಿಯರಿಂದ ಅಗ್ನಿಪೂಜೆ ಮಾಡಿಸುತ್ತೇನೆ ಎಂದಿದ್ದಾರೆ. ಅಮ್ಮನಿಗೆ ಆಸೆಯೂ ಇದೆ, ಅಳುಕೂ ಇದೆ. ಪ್ರಾಣಿಬಲಿ ಇರುತ್ತದೆಯೇ? ಹೊರಗಿನವರು ಕೂರಬಹುದೇ? ಮಂಡಿನೋವಿನವರು ಎಷ್ಟು ಹೊತ್ತು ಇರಬೇಕಾದೀತು? ಆರು ವರ್ಷದ ಮಗನೂ ಜೊತೆಗಿರುತ್ತಾನೆ.

ಕೇತ್ಸಾಲ್ತೆನಾಂಗೋದಲ್ಲಿ ಕೆಲಸ ಮಾಡಿದ್ದವರು:

ಮೊದಲು ದಿನದ ಮಾತು, ಉಳಿದದ್ದೆಲ್ಲ ಆಮೇಲೆ. ಕಿಚೆ ಜನರ ಪೂಜೆಗಳು ನಡೆಯುವುದು 260 ದಿನಗಳ ಚೋಲ್‌ಕಿಹ್ ಪಂಚಾಂಗದ ಮೇಲೆ. ಇಪ್ಪತ್ತು ದಿನದ ಹೆಸರುಗಳು, ಒಂದರಿಂದ ಹದಿಮೂರರವರೆಗಿನ ಅಂಕಿಗಳು, ಎರಡೂ ಜೊತೆಜೊತೆಯಾಗಿ ಉರುಳುತ್ತವೆ. ಸ್ಪ್ಯಾನಿಷರು 1524ರಲ್ಲಿ ಗ್ವಾಟೆಮಾಲಾದ ಬೆಟ್ಟಗಳಿಗೆ ಬಂದ ಮೇಲೂ ಈ ಎಣಿಕೆ ನಿಂತಿಲ್ಲ. ಹುಟ್ಟಿದ ದಿನದ ಹೆಸರು ಆ ವ್ಯಕ್ತಿಯ ನಾವಾಲ್. ನಿಮ್ಮ ತಾಯಿ 1966ರ ಫೆಬ್ರುವರಿ 12ರಂದು ಹುಟ್ಟಿದ್ದರೆ ಅವರದು 11 ಕಮೆ, ಅಂದರೆ ದಿನದ ಹೆಸರು ಕಮೆ, ಅಂಕಿ 11. ಆದರೆ ನೀವು ಹೇಳುವ 2026ರ ಫೆಬ್ರುವರಿ 12 ಬೀಳುವುದು 8 ಇಮೋಷ್ ಮೇಲೆ. ಹೆಸರೂ ಬೇರೆ, ಅಂಕಿಯೂ ಬೇರೆ. ಐದು ದಿನ ತಡೆದರೆ, ಫೆಬ್ರುವರಿ 17ಕ್ಕೆ, 13 ಕಮೆ ಸಿಗುತ್ತದೆ. ಹೆಸರೂ ಅಂಕಿಯೂ ಕೂಡಿ ಬರಬೇಕೆಂದರೆ ಆಗಸ್ಟ್ 16ರವರೆಗೆ ಕಾಯಬೇಕು.

ಹಾಸನದ ಕಡೆಯವರಿಗೆ ಇದು ವಿಚಿತ್ರ ಎನಿಸಬಾರದು. ಜನ್ಮನಕ್ಷತ್ರದ ದಿನ ಅರ್ಚನೆ, ತಾರೀಖಿನ ದಿನ ಕೇಕ್, ಎರಡನ್ನೂ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ವಿಮಾನದ ಟಿಕೆಟ್ ತೆಗೆಯುವ ಮೊದಲು ಆ ಹಿರಿಯರಿಗೆ ಹುಟ್ಟಿದ ತಾರೀಖು ಕಳುಹಿಸಿ, ಯಾವ ದಿನ ಒಳ್ಳೆಯದು ಎಂದು ಕೇಳಿ. ದೊಡ್ಡ ಅಂಕಿಯ ದಿನಗಳ ಬಲ ತೀರಾ ಹೆಚ್ಚಾಯಿತು ಎಂದು ಕೆಲವರು ಎಂಟು, ಒಂಬತ್ತರಂಥ ನಡುವಿನ ದಿನಗಳನ್ನೇ ಆರಿಸುತ್ತಾರೆ. ಹಾಗಾಗಿ ನಿಮ್ಮ 12ನೇ ತಾರೀಖನ್ನೇ ಒಪ್ಪಿದರೂ ಒಪ್ಪಬಹುದು. ತೀರ್ಮಾನ ಅವರದಾಗಿರಲಿ. ದಿನ ಎಣಿಸುವ ಈ ಹಿರಿಯರನ್ನು ಅಹ್‌ಕಿಹ್ ಎನ್ನುತ್ತಾರೆ. ಹೆಂಗಸರೂ ಇದ್ದಾರೆ. ನಿಮ್ಮ ತಾಯಿಗೆ ಹೆಣ್ಣುಮಗಳೊಬ್ಬಳು ಮಾಡಿಸಿದರೆ ಹೆಚ್ಚು ಹಿತವಾದೀತು ಎಂದು ನನ್ನ ಅನಿಸಿಕೆ.

ಚಿಚಿಕಾಸ್ತೆನಾಂಗೋ ಬಳಿ ಕುಟುಂಬದೊಂದಿಗೆ ಪೂಜೆಯಲ್ಲಿ ಕುಳಿತವರು:

ನಾವು ಸಸ್ಯಾಹಾರಿಗಳು, ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಯೇ ನಮ್ಮದೂ ಆಗಿತ್ತು. ಕೆಲವು ಕಡೆ ಕೋಳಿ ಬಲಿ ಉಂಟು. ಚಿಚಿಕಾಸ್ತೆನಾಂಗೋದ ಪಾಸ್ಕುವಾಲ್ ಅಬಾಹ್ ಗುಡ್ಡದಲ್ಲಿ ಅದು ಸಾಮಾನ್ಯ. ಮೊದಲೇ ಬೇಡ ಎಂದು ಹೇಳಿದ್ದೆವು, ಅವರೂ ಬೇಸರಿಸಲಿಲ್ಲ. ಅಲ್ಲಿಗೆ ಹೋದ ಮೇಲೆ ಮುಖ ಸಿಂಡರಿಸುವುದಕ್ಕಿಂತ ಇದು ಮೇಲು.

ನಡೆಯುವುದು ಹೀಗೆ: ನೆಲದ ಮೇಲೆ ಸಕ್ಕರೆಯಲ್ಲಿ ವೃತ್ತ ಬರೆದು, ಒಳಗೆ ನಾಲ್ಕು ದಿಕ್ಕಿಗೆ ಗೆರೆ ಎಳೆಯುತ್ತಾರೆ. ಅದರ ಮೇಲೆ ಪೋಮ್ ಎಂಬ ಮರದ ಅಂಟಿನ ಉಂಡೆಗಳು, ಎಳ್ಳು, ಚಾಕೊಲೇಟು, ಹೂವು, ಜೇನು. ಮೂಡಣಕ್ಕೆ ಕೆಂಪು ಮೇಣದ ಬತ್ತಿ, ಪಡುವಣಕ್ಕೆ ಕಪ್ಪು, ಬಡಗಣಕ್ಕೆ ಬಿಳಿ, ತೆಂಕಣಕ್ಕೆ ಹಳದಿ, ನಡುವೆ ಆಕಾಶಕ್ಕೆ ನೀಲಿ, ಭೂಮಿಗೆ ಹಸಿರು. ಬಣ್ಣಗಳ ಕ್ರಮ ಊರಿಂದೂರಿಗೆ ಒಂದಿಷ್ಟು ಬದಲಾಗುತ್ತದೆ. ಬೆಂಕಿ ಹೊತ್ತಿದ ಮೇಲೆ ಇಪ್ಪತ್ತು ನಾವಾಲ್‌ಗಳನ್ನು ಒಂದೊಂದಾಗಿ, ಪ್ರತಿಯೊಂದನ್ನೂ ಒಂದರಿಂದ ಹದಿಮೂರರವರೆಗೆ ಎಣಿಸಿ ಕರೆಯುತ್ತಾರೆ. ಇದು ಹೊತ್ತು ಹಿಡಿಯುತ್ತದೆ. ಎರಡು ಮೂರು ಗಂಟೆ ಇಟ್ಟುಕೊಳ್ಳಿ, ಅಮ್ಮನಿಗೆ ಮಡಿಸುವ ಕುರ್ಚಿ ಒಯ್ಯಿರಿ. ಎಲ್ಲರೂ ಮಂಡಿಯೂರುವಾಗ ಅವರು ಕುಳಿತೇ ಕೈ ಜೋಡಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಅವರ ನಾವಾಲ್ ಬಂದಾಗ ಕರೆದು ಬತ್ತಿ ಕೊಡುತ್ತಾರೆ. ಬೇಡಿಕೆಯನ್ನು ಕನ್ನಡದಲ್ಲೇ ಹೇಳಿಕೊಂಡು ಬೆಂಕಿಗೆ ಹಾಕಲಿ.

ಮಗನನ್ನು ಗಾಳಿಗೆ ಹೊಗೆ ಬರುವ ಬದಿಗೆ ಕೂರಿಸಬೇಡಿ, ಪೋಮ್ ಹೊಗೆ ದಟ್ಟ. ಎಳ್ಳು ಎರಚುವುದು ಅವನಿಗೆ ಹಬ್ಬವಾಗುತ್ತದೆ, ನೋಡಿ. ಕಳ್ಳಭಟ್ಟಿಯಂಥ ಮದ್ಯವನ್ನು ಬೆಂಕಿಗೆ ಸುರಿಯುತ್ತಾರೆ, ಚುಟ್ಟವನ್ನೂ ಹಾಕುತ್ತಾರೆ. ಗಾಬರಿಯಾಗಬೇಡಿ. ಸಾಮಗ್ರಿಯ ಖರ್ಚು ಬೇರೆ, ಹಿರಿಯರಿಗೆ ಕೊಡುವುದು ಬೇರೆ. ಎರಡನ್ನೂ ಮೊದಲೇ ಮಾತಾಡಿಕೊಳ್ಳಿ. ಕೇಳದೆ ಮೊಬೈಲ್ ಎತ್ತಬೇಡಿ.

ಕ್ಯಾನ್‌ಕೂನ್‌ಗೆ ಹೋಗಿ ಬಂದವರು:

ಗ್ವಾಟೆಮಾಲಾ ದೂರವಾಯಿತೆಂದು ನಾವು ಮೆಕ್ಸಿಕೋದ ಕಡಲತೀರದ ರೆಸಾರ್ಟ್ ಒಂದರಲ್ಲಿ ‘ಮಾಯಾ ಹುಟ್ಟುಹಬ್ಬ ಪೂಜೆ’ ಎಂಬುದನ್ನು ಕಾದಿರಿಸಿದ್ದೆವು. ಗರಿಯ ಕಿರೀಟ, ಮೈಗೆ ಬಣ್ಣ, ಶಂಖ, ಕೊನೆಗೆ ಕೇಕ್. ಮಕ್ಕಳು ಕುಣಿದರು. ಚೆನ್ನಾದ ನಾಟಕ, ಅಷ್ಟೇ. ನಿಮಗೆ ಸಹೋದ್ಯೋಗಿಯ ಊರೇ ಬಾಗಿಲು ತೆರೆದಿರುವಾಗ ಇಂಥದ್ದರ ಕಡೆ ನೋಡಬೇಡಿ.

ಮೆರಿದಾದಲ್ಲಿರುವವರು:

ಮೆಕ್ಸಿಕೋದ ಯುಕಾತಾನ್‌ನ ರೂಢಿ ಬೇರೆ. ಇಲ್ಲಿ ನಮ್ಮ ನೆರೆಯವರು ಮೊಮ್ಮಗಳ ಹೆಟ್ಸ್‌ಮೆಕ್ ಎಂಬ ಶಿಶು ಶಾಸ್ತ್ರಕ್ಕೆ ಕರೆದಿದ್ದರು. ಹೆಣ್ಣುಮಗುವಿಗೆ ಮೂರನೇ ತಿಂಗಳಲ್ಲಿ, ಗಂಡಿಗೆ ನಾಲ್ಕನೇ ತಿಂಗಳಲ್ಲಿ ಮಾಡುತ್ತಾರೆ. ಒಲೆಗೆ ಮೂರು ಕಲ್ಲು, ಮೆಕ್ಕೆಜೋಳದ ಹೊಲಕ್ಕೆ ನಾಲ್ಕು ಮೂಲೆ, ಅದೇ ಲೆಕ್ಕ. ಧರ್ಮತಂದೆ ಅಥವಾ ಧರ್ಮತಾಯಿಯಾದವರು ಮಗುವನ್ನು ಮೊದಲ ಸಲ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಂಡು ಮೇಜಿನ ಸುತ್ತ ಸುತ್ತುತ್ತಾರೆ. ಪೆನ್ಸಿಲ್, ಪುಸ್ತಕ, ಸೂಜಿ ಮುಟ್ಟಿಸುತ್ತಾರೆ, ಬೇಯಿಸಿದ ಮೊಟ್ಟೆ ಮತ್ತು ಕುಂಬಳಬೀಜ ರುಚಿ ತೋರಿಸುತ್ತಾರೆ. ನಾವು ಹಣ್ಣಿನ ಬುಟ್ಟಿ ಒಯ್ದು ಹಿಂದಿನ ಸಾಲಿನಲ್ಲಿ ಕುಳಿತೆವು. ಕರೆದವರ ಮನೆಗೆ ಹೋಗುವಾಗ ಬರಿಗೈ ಬೇಡ ಎಂಬುದೊಂದೇ ನನ್ನ ಸಲಹೆ.

ಗ್ವಾಟೆಮಾಲಾದ ಆಂಟಿಗುವಾದಲ್ಲಿ ನೆಲೆಸಿರುವವರು:

ಒಂದು ಗಂಭೀರ ಮಾತು. 2020ರ ಜೂನ್‌ನಲ್ಲಿ ಪೆಟೇನ್ ಪ್ರಾಂತ್ಯದ ಸಾನ್ ಲೂಯಿಸ್‌ನಲ್ಲಿ ದೊಮಿಂಗೊ ಚೋಕ್ ಎಂಬ ಕೆಕ್ಚಿ ಮಾಯಾ ಹಿರಿಯರನ್ನು, ಔಷಧ ಸಸ್ಯಗಳನ್ನು ಬಲ್ಲವರನ್ನು, ಮಾಟಗಾರ ಎಂದು ಆರೋಪಿಸಿ ಬೆಂಕಿ ಹಚ್ಚಿ ಕೊಂದರು. 1996ರಲ್ಲಿ ಮುಗಿದ ಅಂತರ್ಯುದ್ಧದಲ್ಲಿ ಸತ್ತವರಲ್ಲೂ ಬಹುಪಾಲು ಮಾಯಾ ಜನರೇ. ಇಂದಿಗೂ ಈ ಪೂಜೆಯನ್ನು ದೆವ್ವದ ಕೆಲಸ ಎನ್ನುವ ನೆರೆಹೊರೆ ಅಲ್ಲಿದೆ. ಆದ್ದರಿಂದ ಹಿರಿಯರ ಮುಖ, ಮನೆ, ಊರಿನ ಹೆಸರು ಯಾವುದನ್ನೂ ಅವರ ಒಪ್ಪಿಗೆಯಿಲ್ಲದೆ ಹಂಚಿಕೊಳ್ಳಬೇಡಿ. ‘ನಮ್ಮ ಹೋಮವೇ ಇದು’ ಎಂದು ಅವರಿಗೆ ವಿವರಿಸುವ ಉತ್ಸಾಹವನ್ನೂ ತುಸು ತಡೆಹಿಡಿಯಿರಿ, ಅವರಾಗಿ ಕೇಳಿದರೆ ಹೇಳಿದರಾಯಿತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಆದರೆ ಕಮೆ ಎಂದರೆ ಸಾವು ಎಂದು ಮಗಳು ಎಲ್ಲೋ ಓದಿ ಅಜ್ಜಿಗೆ ಹೇಳಿಬಿಟ್ಟಿದ್ದಾಳೆ. ‘ಅರವತ್ತರ ಶಾಂತಿಗೆ ಹೋಗಿ ಯಮನನ್ನು ಕರೆಯುವುದೇ’ ಎಂದು ಅಮ್ಮ ಹಟ ಹಿಡಿದು ಕುಳಿತಿದ್ದಾರೆ.

ಕೇತ್ಸಾಲ್ತೆನಾಂಗೋದಲ್ಲಿ ಕೆಲಸ ಮಾಡಿದ್ದವರು:

ಸಾವು ಎಂಬುದು ನಿಜ. ಅಲ್ಲಿ ಅದು ಅಶುಭ ದಿನವಲ್ಲ, ಹಿರಿಯರನ್ನು ನೆನೆಯುವ, ಅವರ ಆಶೀರ್ವಾದ ಬೇಡುವ ದಿನ. ಕಮೆಯಲ್ಲಿ ಹುಟ್ಟಿದವರಿಗೆ ತೀರಿಹೋದವರು ಬೆಂಬಲವಾಗಿರುತ್ತಾರೆ ಎಂದು ನಾನು ಕೆಲಸ ಮಾಡಿದ ಊರಿನಲ್ಲಿ ಹೇಳುತ್ತಿದ್ದರು. ನಿಮ್ಮ ತಾಯಿಗೆ ಅವರ ಅಪ್ಪ ಅಮ್ಮನ ಹೆಸರನ್ನು ಬರೆದುಕೊಂಡು ಬರಲು ಹೇಳಿ, ಪೂಜೆಯಲ್ಲಿ ಹಿರಿಯರ ಹೆಸರು ಹೇಳಿ ಕರೆಯುವ ಹೊತ್ತು ಬರುತ್ತದೆ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಫೆಬ್ರುವರಿ 12ರ 8 ಇಮೋಷ್ ಸಾಕು. ಫೆಬ್ರುವರಿಯಲ್ಲಿ ಒಣಹವೆ, ಬೆಳಗ್ಗೆ ಕೇತ್ಸಾಲ್ತೆನಾಂಗೋದ ಎತ್ತರದಲ್ಲಿ, ಸುಮಾರು 2,300 ಮೀಟರ್, ಚಳಿ ಚುರುಗುಟ್ಟುತ್ತದೆ. ಶಾಲು, ಕಾಲುಚೀಲ ಇಟ್ಟುಕೊಳ್ಳಿ. ಆಗಸ್ಟ್‌ಗೆ ಮುಂದೂಡಿದರೆ ಮಳೆಗಾಲ, ಮಧ್ಯಾಹ್ನದ ಮೇಲೆ ಸುರಿಯುತ್ತದೆ, ಪೂಜೆಯನ್ನು ಬೆಳಗ್ಗೆಯೇ ಇಡಲು ಕೇಳಿಕೊಳ್ಳಿ.